ಮಡಚುವ ಚೂರಿ

ನರಗುಂದ, ರೋಣ, ಗಜೇಂದ್ರಗಡ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಚರಿತ್ರೆಯನ್ನು ಓದಿದವರ ಕಣ್ಣೆದುರಿಗೆ ಕೋಟೆಕೊತ್ತಲಗಳು ಬಂದು ನಿಲ್ಲುತ್ತವೆ. ನರಗುಂದದ ಗುಡ್ಡದ ಮೇಲೆ ೧೬೭೪ರಲ್ಲಿ ಶಿವಾಜಿ ಕಟ್ಟಿಸಿದ ಕೋಟೆ. ಘೋರ್ಪಡೆ ಮನೆತನದವರ ಗಜೇಂದ್ರಗಡದ ದುರ್ಗ. ೧೭೮೫ರಲ್ಲಿ ಟೀಪೂ ಸುಲ್ತಾನನ ಸೈನ್ಯವು ನರಗುಂದವನ್ನು ಮುತ್ತಿ ವೆಂಕಟರಾವ್ ಭಾವೆಯನ್ನು ಸೆರೆಹಿಡಿದದ್ದು. ಆ ಕಿಡಿಯಿಂದ ಹೊತ್ತಿಕೊಂಡ ಯುದ್ಧವು ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಆರಿದ್ದು — ಇವೆಲ್ಲ ಶ್ರೋತೃಗಳು ಬಲ್ಲ ಸಂಗತಿಗಳೇ. ಖಡ್ಗ, ಭಲ್ಲೆ, ತೋಪುಗಳ ಚರಿತ್ರೆಯನ್ನು ಬರೆದಿಡಲು ಆಸ್ಥಾನಗಳಲ್ಲಿ ಬಖೈರುಗಾರರಿದ್ದರು, ಲಾವಣಿಕಾರರಿದ್ದರು. ಈ ದಿನ ನಾವು ಹೇಳಹೊರಟಿರುವುದು ಮೂರಂಗುಲದ ಒಂದು ಅಲಗಿನ ಮಾತು. ಮಡಚಿದರೆ ಅಂಗೈಯಲ್ಲಿ ಅಡಗುವ, ಅಂಗಿಯ ಕಿಸೆಯಲ್ಲಿಯೋ ಎಲೆಯಡಕೆಯ ಸಂಚಿಯಲ್ಲಿಯೋ ಇರುವ ಚೂರಿ ಅದು. ಅದಕ್ಕೆ ಆಸ್ಥಾನವಿಲ್ಲ. 

ಹೆಸರುಗಳಿಂದಲೇ ಪ್ರಾರಂಭಿಸೋಣ. ಕತ್ತರಿಸುವ ಉಪಕರಣಕ್ಕೆ ಕನ್ನಡದಲ್ಲಿರುವಷ್ಟು ಹೆಸರುಗಳು ಬಹುಶಃ ಅನ್ನಕ್ಕೂ ಇರಲಾರವು. ಕತ್ತಿ ನಮ್ಮದೇ ಮಾತು. ಹಳಗನ್ನಡದ ವೀರರ ಸೊಂಟದಲ್ಲಿದ್ದುದು ಸುರಗಿ. ಚೂರಿಯೆಂಬುದು ಸಂಸ್ಕೃತದ ಕ್ಷುರಿಕೆಗೆ ಹತ್ತಿರದ ಬಂಧು. ಚಾಕು ಎಂಬುದು ಪಾರಸಿಯ ದಾರಿಯಿಂದ ಬಂದು ನಮ್ಮ ಅಡಿಗೆಮನೆಯಲ್ಲಿ ನೆಲಸಿತು. ಕಠಾರಿ, ಬಾಕು, ಕುಡುಗೋಲು, ಮಚ್ಚು, ಅಡಕೊತ್ತು — ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕೈ, ಒಂದೊಂದು ಕೆಲಸ. ಇವುಗಳಲ್ಲಿ ಯಾವುದು ಆಯುಧ, ಯಾವುದು ಉಪಕರಣ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಂಡವರಲ್ಲ. ಮಹಾನವಮಿಯ ಸಮಯದಲ್ಲಿ ಉತ್ತರ ಕರ್ನಾಟಕದವರು ಆಚರಿಸುವ ಖಂಡೇಪೂಜೆಯನ್ನು ನೋಡಿದರೆ ಇದು ತಿಳಿಯುತ್ತದೆ. ಹೆಸರು ಖಂಡೆಯದು, ಎಂದರೆ ಖಡ್ಗದ್ದು. ಆದರೆ ಪೂಜೆಯ ಮಣೆಯ ಮೇಲೆ ಕುಡುಗೋಲು, ಕೊಡಲಿ, ತಕ್ಕಡಿ, ಅಡಕೊತ್ತುಗಳೆಲ್ಲ ಕುಂಕುಮವಿಟ್ಟುಕೊಂಡು ಸಾಲಾಗಿ ಕುಳಿತಿರುತ್ತವೆ.

ಅಲಗಿನ ವಂಶಾವಳಿ ಬಹು ದೀರ್ಘವಾದದ್ದು. ಕಬ್ಬಿಣ ಬರುವುದಕ್ಕೆ ಮುಂಚೆ ಕೃಷ್ಣಾ-ತುಂಗಭದ್ರೆಗಳ ನಡುವಣ ಜನರು ಗಟ್ಟಿಯಾದ ಕಲ್ಲಿನ ಗುಂಡಿನಿಂದ ತೆಳುವಾದ ಪದರಗಳನ್ನು ಸೀಳಿ ಚೂರಿಯಂತೆ ಬಳಸುತ್ತಿದ್ದರು. ಮಸ್ಕಿಯಲ್ಲಿ ೧೯೫೪ರಲ್ಲಿ ನಡೆದ ಉತ್ಖನನದಲ್ಲಿಯೂ ಇಂತಹವು ದೊರೆತವು. ಕಬ್ಬಿಣವು ನಮ್ಮ ನಾಡಿಗೆ ತಡವಾಗಿ ಬಂದ ಅತಿಥಿಯೇನೂ ಅಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ೧೯೬೫ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಅಗೆಸಿದಾಗ ಹೊರಬಿದ್ದ ಕಬ್ಬಿಣದ ಬಾಣದ ಮೊನೆಗಳು ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯವೆಂದು ನಿರ್ಣಯವಾಯಿತು. ನಮ್ಮ ಮೂರು ಊರುಗಳಿಗೆ ದಕ್ಷಿಣದಲ್ಲಿ ಕಪ್ಪತಗುಡ್ಡವಿದೆ. ಅದರ ಮಣ್ಣಿನಲ್ಲಿ ಕಬ್ಬಿಣದ ಅದುರಿದೆ. ಹಿಂದೆ ಅದನ್ನು ಇದ್ದಲಿನ ಸಣ್ಣ ಒಲೆಗಳಲ್ಲಿ ಕರಗಿಸಿ ಸುತ್ತಣ ಸಂತೆಗಳಿಗೆ ಕಳುಹಿಸುತ್ತಿದ್ದರು. ರೋಣದ ಸೀಮೆಗೆ ಸೇರಿದ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಾಣ್ಯ ಹೊಡೆಯುವ ಟಂಕಸಾಲೆಯೇ ಇತ್ತು. ಬೆಂಕಿ, ಸುತ್ತಿಗೆ, ಲೋಹ ಈ ಮೂರನ್ನೂ ಬಲ್ಲ ಜನರು ಆ ಎರೆಯ ಬಯಲಿನಲ್ಲಿ ಬಹುಕಾಲದಿಂದ ಇದ್ದರೆಂಬುದಕ್ಕೆ ಇಷ್ಟು ಸಾಕು.

ಹಳ್ಳಿಯ ಕಂಬಾರನು ಆಯಗಾರರಲ್ಲಿ ಒಬ್ಬ. ವರ್ಷವಿಡೀ ರೈತನ ಕುಂಟೆಯ ಕುಡವನ್ನು ಬಡಿದು ಹರಿತ ಮಾಡಿಕೊಡುವುದು, ಬಂಡಿಯ ಗಾಲಿಗೆ ಹಳಿ ಕೂರಿಸುವುದು, ಕುಡುಗೋಲಿಗೆ ಹಲ್ಲು ಹೊಡೆಯುವುದು ಅವನ ಕರ್ತವ್ಯ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯವನ್ನು ಪಡೆಯುವುದು ಅವನ ಹಕ್ಕು. ಈ ಲೆಕ್ಕದಲ್ಲಿ ಮಡಚುವ ಚೂರಿ ಸೇರಿರಲಿಲ್ಲ. ಅದನ್ನು ಬೇಕಾದವರು ಬೇರೆಯಾಗಿ ಹೇಳಿ ಮಾಡಿಸಿಕೊಳ್ಳಬೇಕು, ಬೇರೆಯಾಗಿ ಹಣ ಕೊಡಬೇಕು. ಆದುದರಿಂದಲೇ ಕಂಬಾರನು ತನ್ನ ಕೈಚಳಕವನ್ನೆಲ್ಲ ತೋರಿಸುತ್ತಿದ್ದುದು ಇಂತಹ ಹೇಳಿ ಮಾಡಿಸಿದ ಕೆಲಸದಲ್ಲಿ. ಆಯದ ಕುಡುಗೋಲು ಊರಿನದು, ಚೂರಿ ಒಬ್ಬನದು.

ಅದನ್ನು ಮಾಡಿಸಿಕೊಳ್ಳುತ್ತಿದ್ದವರು ಯಾರು? ಕುರಿ ಕಾಯುವವರು ಮೊದಲಿಗರು. ಕುರಿಯ ಬೆಳೆದ ಗೊರಸನ್ನು ಕೊರೆಯುವುದಕ್ಕೆ, ಕಾಲಿಗೆ ಹೊಕ್ಕ ಜಾಲಿಯ ಮುಳ್ಳನ್ನು ತೆಗೆಯುವುದಕ್ಕೆ, ಹಗ್ಗವನ್ನು ಕೊಯ್ಯುವುದಕ್ಕೆ ಅಡವಿಯಲ್ಲಿ ಮತ್ತಾವ ಉಪಕರಣವಿದೆ? ಎರಡನೆಯವರು ಎಲೆಯಡಕೆಯ ಸಂಚಿಯುಳ್ಳ ಹಿರಿಯರು. ಅವರಿಗೆ ಅಡಕೊತ್ತು ಮುಖ್ಯ, ಚೂರಿ ಅದರ ತಮ್ಮ. ಗಜೇಂದ್ರಗಡದಲ್ಲಿ ಮಗ್ಗಗಳು ಬಹಳ; ಅಲ್ಲಿಯ ಪಟ್ಟೇದ ಅಂಚಿನ ಸೀರೆಯ ಹೆಸರನ್ನು ಕೇಳಿದವರುಂಟು. ನೇಕಾರನಿಗೂ ನೂಲು ಕೊಯ್ಯುವ ಅಲಗು ಬೇಕು. ಆದರೆ ಮಡಚುವ ಚೂರಿಯ ನಿಜವಾದ ಪೋಷಕನು ಯಾರೆಂದರೆ, ಕೇಳಿದವರಿಗೆ ಸ್ವಲ್ಪ ಆಶ್ಚರ್ಯವಾಗಬಹುದು, ಬರೆಯುವವನು! ತಾಳೆಗರಿಯ ಕಾಲದ ಲೇಖಕನ ಉಕ್ಕಿನ ಕಂಠವನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿದ್ದೇವೆ. ದಕ್ಷಿಣದೇಶದ ಹಲವು ಕಂಠಗಳಿಗೆ ಒಂದೇ ಹಿಡಿ, ಎರಡು ನಾಲಗೆ: ಒಂದು ಕಡೆಯಿಂದ ಅಕ್ಷರ ಕೊರೆಯುವ ಮೊನೆ ಹೊರಬರುತ್ತದೆ, ಇನ್ನೊಂದು ಕಡೆಯಿಂದ ಗರಿಯ ಅಂಚನ್ನು ಸವರುವ ಚೂರಿ ಹೊರಬರುತ್ತದೆ, ಕೆಲಸ ಮುಗಿದ ಮೇಲೆ ಎರಡೂ ಹಿಡಿಯೊಳಗೆ ಮಲಗುತ್ತವೆ. ಕಾಗದ ಬಂದ ಮೇಲೆ ಮರಾಠರ ಆಳ್ವಿಕೆಯ ಕುಲಕರ್ಣಿಗಳು ಮೋಡಿಯ ಲಿಪಿಯನ್ನು ಬೋರಿನ ಲೇಖನಿಯಿಂದ ಬರೆದರು. ಬೋರು ಸವೆಯುತ್ತದೆ, ಗಳಿಗೆಗೊಮ್ಮೆ ಅದರ ಮೂತಿಯನ್ನು ಓರೆಯಾಗಿ ಕೊಯ್ದು ಸೀಳಬೇಕು. ಮೊಂಡು ಚೂರಿಯ ಕುಲಕರ್ಣಿಯ ಅಕ್ಷರವನ್ನು ಬ್ರಹ್ಮನೂ ಓದಲಾರ. ಇಂಗ್ಲೀಷರು ಸಣ್ಣ ಚೂರಿಗೆ ಲೇಖನಿಯ ಚೂರಿಯೆಂದೇ ಹೆಸರಿಟ್ಟಿರುವುದು ಇದೇ ಕಾರಣದಿಂದ. ಅವರದು ಹಕ್ಕಿಯ ಗರಿ, ನಮ್ಮದು ಬೋರು, ಅಷ್ಟೇ ಭೇದ.

ಇನ್ನು ಕುಲುಮೆಯೊಳಕ್ಕೆ ಹೋಗೋಣ. ಗಜೇಂದ್ರಗಡದ ಗುಡ್ಡದ ಕೆಳಗೆ, ಪೇಟೆಗೆ ತುಸು ದೂರದಲ್ಲಿ, ಒಬ್ಬ ವೃದ್ಧ ಕಂಬಾರರು ಒಂದು ಚೂರಿಯನ್ನು ಮೊದಲಿನಿಂದ ಕೊನೆಯವರೆಗೆ ಮಾಡುವುದನ್ನು ನಾವು ಕುಳಿತು ನೋಡಿದೆವು. ಕುಲುಮೆಯೆಂದರೆ ತಗಡಿನ ಮಾಡು, ಮೂರು ಕಡೆ ಗೋಡೆ, ನಡುವೆ ಬೆಂಕಿಯ ಗುಳಿ. ಹಿಂದೆ ಮೇಕೆಯ ತೊಗಲಿನ ತಿದಿ ಇದ್ದ ಸ್ಥಳದಲ್ಲಿ ಈಗ ಕೈಯಿಂದ ತಿರುಗಿಸುವ ಗಾಳಿಯ ಚಕ್ರವಿದೆ. ಅಡಿಗಲ್ಲೆಂದು ಹೆಸರು ಉಳಿದಿದೆ, ವಸ್ತು ಮಾತ್ರ ಕಬ್ಬಿಣದ್ದು. ಜಾಲಿಯ ಕೊರಡಿನಲ್ಲಿ ಮೊಳದ ಆಳಕ್ಕೆ ನಾಟಿದ್ದಾರೆ. ನಾವು ಚೂರಿ ಬೇಕೆಂದಾಗ ಅವರು ಅಳತೆಯನ್ನು ಕೇಳಲಿಲ್ಲ. ಬಲಗೈಯನ್ನು ಚಾಚಹೇಳಿದರು. ಅಂಗೈಯ ಅಗಲವನ್ನು ಒಂದು ಜೋಳದ ದಂಟಿನ ತುಂಡಿನಿಂದ ಅಳೆದು, ಉಗುರಿನಿಂದ ಗುರುತು ಮಾಡಿ, ಕಿವಿಯ ಮೇಲೆ ಸಿಕ್ಕಿಸಿಕೊಂಡರು. ನಕ್ಷೆ ಅದೇ, ಕರಾರುಪತ್ರವೂ ಅದೇ.

ಲೋಹವು ಲಾರಿಯ ಕಮಾನುಪಟ್ಟಿಯ ತುಂಡು. ಮೋಟಾರು ಬಂಡಿಗಳ ಚಕ್ರದ ಮೇಲೆ ಭಾರವನ್ನು ಹೊರುವ ಈ ಪಟ್ಟಿಯಲ್ಲಿ ಉಕ್ಕಿನ ಗುಣ ಉತ್ತಮವಾಗಿರುವುದರಿಂದ ದೇಶದ ಕಂಬಾರರೆಲ್ಲ ಇದನ್ನೇ ಹುಡುಕುತ್ತಾರೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಉಳಿಯಿಟ್ಟು ಬೆರಳಗಲದ ಪಟ್ಟಿಯನ್ನು ಕಡಿದರು. ಎದುರಿಗೆ ಮಗ ಸಮ್ಮಟಿಗೆ ಹಿಡಿದು ನಿಂತ. ತಂದೆಯ ಸಣ್ಣ ಸುತ್ತಿಗೆ ಎಲ್ಲಿ ತಟ್ಟುತ್ತದೆಯೋ ಅಲ್ಲಿ ಮಗನ ದೊಡ್ಡ ಸಮ್ಮಟಿಗೆ ಬೀಳಬೇಕು. ಸಣ್ಣ ಸುತ್ತಿಗೆ ಅಡಿಗಲ್ಲನ್ನು ಬರಿದೇ ತಟ್ಟಿತೆಂದರೆ ನಿಲ್ಲಿಸೆಂದು ಅರ್ಥ. ಇಬ್ಬರ ನಡುವೆ ಮಾತೇ ಇಲ್ಲ. ಮೊದಲು ಬೆನ್ನು ಗಟ್ಟಿಯಾಗಿ ಉಳಿಯಿತು, ಬಾಯಿಯ ಕಡೆ ತೆಳ್ಳಗಾಗುತ್ತ ಬಂದಿತು. ಬಡಿದಂತೆಲ್ಲ ಪಟ್ಟಿ ಬಾಳೆಯ ಎಲೆಯಂತೆ ಒಂದು ಕಡೆಗೆ ಬಾಗುತ್ತದೆ. ಅದನ್ನು ಮುಂಚೆಯೇ ತಿಳಿದು ಎದುರು ದಿಕ್ಕಿಗೆ ಸ್ವಲ್ಪ ಬಗ್ಗಿಸಿಟ್ಟಿದ್ದರಾದ್ದರಿಂದ ಬಡಿತ ಮುಗಿಯುವಾಗ ಅಲಗು ನೆಟ್ಟಗೆ ನಿಂತಿತು. ಹಿಂಬದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಒಂದು ಬಾಲವನ್ನು ಬಿಟ್ಟರು. ಪೇಟೆಯಲ್ಲಿ ದೊರೆಯುವ ಚೂರಿಗಳ ಬೆನ್ನಿನಲ್ಲಿ ಒಂದು ಕಮಾನು ಇರುತ್ತದಲ್ಲವೇ, ಅದು ಇದರಲ್ಲಿಲ್ಲ. ತೆರೆದಾಗ ಬಾಲವು ಹಿಡಿಯ ಮೇಲೆ ಕುಳಿತುಕೊಳ್ಳುತ್ತದೆ, ಹೆಬ್ಬೆರಳು ಬಾಲದ ಮೇಲೆ ಕುಳಿತುಕೊಳ್ಳುತ್ತದೆ. ಹಿಡಿದವನು ಬಿಡುವವರೆಗೆ ಅಲಗು ಮಡಚಲಾರದು.

ಅರದಿಂದ ಉಜ್ಜಿ ಆಕಾರ ತೀಡಿ, ಕೀಲಿನ ತೂತನ್ನು ಕೊರೆದ ಮೇಲೆ ಹದ ಹಾಕುವ ಕೆಲಸ. ಇದೇ ಪರೀಕ್ಷೆ. ಮಗನು ಎದ್ದು ಬಾಗಿಲಿಗೆ ಗೋಣಿಯ ತಟ್ಟನ್ನು ಇಳಿಬಿಟ್ಟ. ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆಯಂತೆ. ನಾವು ಏನನ್ನೋ ಕೇಳಹೋದೆವು. "ಈಗ ಬಣ್ಣಾ ನೋಡ್ರಿ, ಮಾತು ಆಮ್ಯಾಲೆ" ಎಂದರು ಹಿರಿಯರು, ತಿರುಗಿಯೂ ನೋಡದೆ. ಕತ್ತಲಲ್ಲಿ ಅಲಗು ಮೊದಲು ಒಣಗಿದ ರಕ್ತದಂತೆ, ಅನಂತರ ಮಾಗಿದ ಕಾರೆಹಣ್ಣಿನಂತೆ ಕೆಂಪೇರಿತು. ಒಂದು ಗಳಿಗೆ. ಇಕ್ಕಳ ಎದ್ದಿತು, ಅಲಗು ಹಳೆಯ ಎಣ್ಣೆಯ ಡಬ್ಬಿಯೊಳಗೆ ಮುಳುಗಿತು, ಹೊಗೆ ಸುರುಳಿಯಾಗಿ ಮಾಡಿಗೆ ಹತ್ತಿತು. ಇದಕ್ಕೆ ನೀರು ಕುಡಿಸುವುದೆಂದು ಹೆಸರು. ಎಣ್ಣೆಯಾದರೂ ಮಾತು ನೀರಿನದೇ. ಹೀಗೆ ತಣಿದ ಅಲಗು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಡಸು. ನೆಲಕ್ಕೆ ಬಿದ್ದರೆ ಎರಡು ತುಂಡು. ಆದುದರಿಂದ ಅದರ ಮುಖವನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ಕಾಯಿಸಿದ ಒಂದು ದಪ್ಪ ಕಬ್ಬಿಣದ ಮೇಲೆ ಬೆನ್ನನ್ನು ಒರಗಿಸಿದರು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ನಡೆದುಬಂದವು: ತೆಳು ಹಳದಿ, ಒಣಗಿದ ಗೋಧಿಯ ಹುಲ್ಲಿನ ಬಣ್ಣ, ಕಂದು, ನವಿಲಿನ ಕತ್ತಿನ ನೀಲಿ. ಬೆನ್ನು ನೀಲಿಯಾಗಿ ಬಾಯಿಗೆ ಗೋಧಿಯ ಹುಲ್ಲಿನ ಬಣ್ಣ ಮುಟ್ಟಿದ ಕ್ಷಣದಲ್ಲಿ ಮತ್ತೆ ತಣಿಸಿದರು. ಆ ಹುಲ್ಲಿನ ಬಣ್ಣವೆಂದರೆ ಶತಮಾನದ ಅಳತೆಯಲ್ಲಿ ಸುಮಾರು ೨೩೦ ಡಿಗ್ರಿ ಉಷ್ಣ. ಉಷ್ಣಮಾಪಕವಿಲ್ಲದೆ, ಗಡಿಯಾರವಿಲ್ಲದೆ, ಬರಿಯ ಕಣ್ಣಿನಿಂದ ಅವರು ಅಲ್ಲಿಯೇ ನಿಲ್ಲಿಸಿದರು. ಹೀಗೆ ಮಾಡಿದ ಚೂರಿಯ ಬಾಯಿ ಗಡುಸು, ಬೆನ್ನು ಬಾಗುವಂಥದು. ಒಂದೇ ತುಂಡಿನಲ್ಲಿ ಎರಡು ಸ್ವಭಾವವನ್ನು ಕೂಡಿಸುವ ಈ ವಿದ್ಯೆಯನ್ನು ನಾವು ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೆವು. ಓದಿದ್ದಕ್ಕೂ ಕಂಡದ್ದಕ್ಕೂ ಇರುವ ದೂರ ಬಹಳ.

ಹಿಡಿಗೆ ಎಮ್ಮೆಯ ಕೋಡು. ಅದನ್ನು ಬಿಸಿನೀರಿನಲ್ಲಿ ಮೆದುಮಾಡಿ, ಸೀಳಿ, ಎರಡು ಹಲಗೆಗಳ ನಡುವೆ ಒತ್ತಿ ಚಪ್ಪಟೆಯಾಗಿಸುವುದು ಹಿಂದಿನ ದಿನವೇ ಮುಗಿದಿತ್ತು. ಎರಡು ಕೋಡಿನ ಚಕ್ಕೆ, ನಡುವೆ ಹಿತ್ತಾಳೆಯ ಎರಡು ಬಿಲ್ಲೆ, ಬಿಲ್ಲೆಗಳ ನಡುವೆ ಅಲಗು, ಎಲ್ಲವನ್ನೂ ಪೋಣಿಸಿ ಒಂದು ಹಿತ್ತಾಳೆಯ ಕೀಲು. ಕೀಲಿನ ತಲೆಯನ್ನು ಬಡಿಯುವಾಗ ಸುತ್ತಿಗೆಯ ಪೆಟ್ಟು ಹೂವಿನಷ್ಟು ಹಗುರ. ನಾಲ್ಕು ಪೆಟ್ಟು, ಒಂದು ಸಲ ತೆರೆದು ಮಡಚುವುದು. ಎರಡು ಪೆಟ್ಟು, ಮತ್ತೊಮ್ಮೆ. ಸಡಿಲವಾದರೆ ಕಿಸೆಯಲ್ಲಿ ತೆರೆದುಕೊಂಡು ತೊಡೆಯನ್ನು ಕೊಯ್ಯುತ್ತದೆ, ಬಿಗಿಯಾದರೆ ಮುದುಕರ ಉಗುರು ಮುರಿಯುತ್ತದೆ. ಬೆನ್ನ ಕಮಾನಿಲ್ಲದ ಚೂರಿಯ ಮಾನವೆಲ್ಲ ಈ ಒಂದು ಕೀಲಿನಲ್ಲಿದೆ. ಕಡೆಗೆ ಗುಡ್ಡದ ಮರಳುಗಲ್ಲಿನ ಮೇಲೆ ನೀರು ಚಿಮುಕಿಸಿ ಉಜ್ಜಿದರು, ಅನಂತರ ನುಣ್ಣನೆಯ ಸಾಣೆಯ ಮೇಲೆ. ಬಾದಾಮಿಯ ಗುಹೆಗಳನ್ನು ಕೊರೆದದ್ದೂ ಇಂತಹ ಮರಳುಗಲ್ಲಿನಲ್ಲಿಯೇ. ಸಾಣೆ ಮುಗಿದ ಮೇಲೆ ಚೂರಿಯನ್ನು ನಮ್ಮ ಕೈಗೆ ಕೊಡದೆ ಅಡಿಗಲ್ಲಿನ ಮೇಲಿಟ್ಟರು. ಅಲಗನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆಂಬ ನಂಬಿಕೆ ಅಲ್ಲಿ ಇನ್ನೂ ಇದೆ, ನಾವೇ ಎತ್ತಿಕೊಳ್ಳಬೇಕು.

ಲಾರಿಯ ಉಕ್ಕಿಗೆ ಮುಂಚೆ ಯಾವ ಉಕ್ಕಿತ್ತು? ಉಕ್ಕೆಂಬ ಮಾತೇ ಇದಕ್ಕೆ ಉತ್ತರ ಹೇಳುತ್ತದೆ. ೧೭೯೪ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬಾತನು ಈ ದೇಶದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ನನು ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಅದರಲ್ಲಿ ಈ ಲೋಹದ ಹೆಸರು ವೂಟ್ಸ್ ಎಂದು ಅಚ್ಚಾಯಿತು. ಅದು ನಮ್ಮ ಉಕ್ಕು ಎಂಬ ಮಾತಿನ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಮತ. ನಮಗೆ ಇಲ್ಲಿ ಮುಖ್ಯವಾದ ಸಂಗತಿ ಬೇರೊಂದಿದೆ. ಆ ಉಕ್ಕು ಲಂಡನ್ನನ್ನು ಮುಟ್ಟಿದಾಗ ಅಲ್ಲಿಯವರು ಅದರಿಂದ ಮಾಡಿಸಿ ನೋಡಿದ ಮೊದಲ ವಸ್ತುಗಳಲ್ಲಿ ಒಂದು ಖಡ್ಗವಲ್ಲ, ಫಿರಂಗಿಯಲ್ಲ, ಲೇಖನಿಯ ಚೂರಿ! ಜೇಮ್ಸ್ ಸ್ಟೋಡಾರ್ಟ್ ಎಂಬ ಹೆಸರಾಂತ ಚೂರಿಗಾರನು ಅದನ್ನು ಬಡಿದು ಸಣ್ಣ ಚೂರಿಯನ್ನು ಮಾಡಿದ. ಅವರ ಅತ್ಯುತ್ತಮವಾದ ಉಕ್ಕಿನ ಚೂರಿಗೆ ಅದು ಸಮನಾಗಿ ನಿಂತಿತು. ಇದೇ ಸ್ಟೋಡಾರ್ಟನು ಮುಂದೆ ಮೈಕೇಲ್ ಫ್ಯಾರಡೆಯೊಡನೆ ಸೇರಿ ೧೮೧೯ರಿಂದ ಕೆಲವು ವರ್ಷ ಈ ಉಕ್ಕಿನ ರಹಸ್ಯವನ್ನು ಹುಡುಕಿದ. ವಿದ್ಯುಚ್ಛಕ್ತಿಯ ಸಂಶೋಧನೆಯಿಂದ ಲೋಕಪ್ರಸಿದ್ಧನಾದ ಫ್ಯಾರಡೆಯು ತನ್ನ ತಾರುಣ್ಯದ ಶ್ರಮವನ್ನು ನಮ್ಮ ಕಂಬಾರರ ಒಲೆಯ ಗುಟ್ಟಿಗೆ ವ್ಯಯಮಾಡಿದನೆಂಬುದು ನಮಗೆ ಸಂತೋಷದ ವಿಷಯವೇ.

ಆ ಗುಟ್ಟನ್ನು ಬುಕಾನನ್ ಎಂಬ ಪ್ರವಾಸಿಯು ಕಣ್ಣಾರೆ ಕಂಡಿದ್ದ. ಶ್ರೀರಂಗಪಟ್ಟಣ ಬಿದ್ದ ಮೇಲೆ ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಆತನು ಹಳ್ಳಿಗಳಲ್ಲಿ ಉಕ್ಕು ತಯಾರಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಜೇಡಿಯ ಸಣ್ಣ ಮೂಸೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಗಿಡದ ಕಡ್ಡಿಯ ಚೂರುಗಳನ್ನೂ ಇಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲಿನ ಒಲೆಯಲ್ಲಿ ತಿದಿಯೊತ್ತಿ ಕಾಯಿಸುವುದು. ಕಡ್ಡಿಯು ಸುಟ್ಟು ಅದರ ಇಂಗಾಲವನ್ನು ಕಬ್ಬಿಣ ಕುಡಿದು ಉಕ್ಕಾಗುವುದು. ಚನ್ನಪಟ್ಟಣದಲ್ಲಿ ವೀಣೆ ತಂಬೂರಿಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದನ್ನೂ ಆತನು ಹೇಳುತ್ತಾನೆ. ಚೂರಿಗೂ ತಂತಿಗೂ ಒಂದೇ ತಾಯಿ.

ಈ ಒಲೆಗಳು ಏಕೆ ಆರಿದವು? ಹಡಗಿನಲ್ಲಿ ಬಂದ ಪರದೇಶದ ಕಬ್ಬಿಣದ ಸರಳು ಸಂತೆಯಲ್ಲಿ ಅಗ್ಗವಾಗಿ ಬಿದ್ದಿತು. ಇತ್ತ ಇದ್ದಲಿಗೆ ಬೇಕಾದ ಕಾಡು ಹಿಂದೆ ಸರಿಯಿತು, ಉಳಿದ ಕಾಡು ಸರ್ಕಾರದ ರಕ್ಷಿತಾರಣ್ಯವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನಮ್ಮ ಕಂಬಾರನು ಲೋಹವನ್ನು ಹುಟ್ಟಿಸುವವನಾಗಿ ಉಳಿಯದೆ, ಕೊಂಡ ಲೋಹವನ್ನು ಬಡಿಯುವವನಷ್ಟೇ ಆದ. ೧೯೨೩ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಹರಿದಾಗ ಮೈಸೂರು ಸಂಸ್ಥಾನವು ಹೆಮ್ಮೆಪಟ್ಟದ್ದು ನ್ಯಾಯವೇ. ಆದರೆ ಹಳ್ಳಿಯ ಮೂಸೆ ಅಷ್ಟರಲ್ಲಿ ಒಡೆದುಹೋಗಿತ್ತು.

ಇದು ಬೆಂಕಿಯ ಕಡೆಯಿಂದ ಬಂದ ನಷ್ಟ. ಕಾಯಿದೆಯ ಕಡೆಯಿಂದ ಬಂದದ್ದು ಇನ್ನೊಂದು. ಉತ್ತರದಲ್ಲಿ ದಂಗೆಯೆದ್ದ ವರ್ಷ, ೧೮೫೭ರಲ್ಲಿ, ಆಯುಧಗಳನ್ನು ತರಿಸುವುದು, ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಇವೆಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕೆಂದು ಕಂಪೆನಿಯವರು ೨೮ನೆಯ ಕಾಯಿದೆಯನ್ನು ಮಾಡಿದರು. ತಯಾರಿಸುವುದು ಎಂಬ ಮಾತನ್ನು ಶ್ರೋತೃಗಳು ಗಮನಿಸಬೇಕು. ಅದು ನೇರವಾಗಿ ಕುಲುಮೆಯ ಬಾಗಿಲಿಗೆ ಬಂದ ಮಾತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಬೇಡನಿಗೆ ಆಯುಧವೆಂದರೆ ಅನ್ನ, ಅಲ್ಲದೆ ಮಾನ. ನವೆಂಬರು ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು; ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಇದರ ಮೇಲೆ ಹುಟ್ಟಿದ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚುಹಾಕಿಸಿದ್ದರಿಂದ ಅದು ನಮಗೆ ಉಳಿದಿದೆ. ಆ ಲಾವಣಿಕಾರನ ಒಂದು ಜಾಣ್ಮೆಯನ್ನು ನಾವು ಮೆಚ್ಚಿಕೊಂಡಿದ್ದೇವೆ. ಊರು ಲೂಟಿಯಾದಾಗ ಹೋದ ವಸ್ತುಗಳನ್ನು ಎಣಿಸುವಾಗ ಅವನು ಹಾಲು ಬೆಣ್ಣೆಗಳ ಪಕ್ಕದಲ್ಲಿಯೇ ಕೊಡಲಿಯನ್ನೂ ಕುಡವನ್ನೂ ಕಬ್ಬಿಣವನ್ನೂ ನಿಲ್ಲಿಸುತ್ತಾನೆ. ಕಾಯಿದೆಯು ಆಯುಧವೆಂದು ಕಂಡದ್ದು ಹಳ್ಳಿಯವನ ಕಣ್ಣಿಗೆ ಮನೆಯ ಸಾಮಾನು.

ಮರುವರ್ಷ ಬೆಂಕಿ ನಮ್ಮ ಊರುಗಳಿಗೇ ಬಂದಿತು. ನರಗುಂದದ ಬಾಬಾಸಾಹೇಬನು, ಎಂದರೆ ಭಾಸ್ಕರರಾವ್ ಭಾವೆಯು, ದತ್ತು ಸ್ವೀಕಾರಕ್ಕೆ ಅನುಮತಿ ಸಿಗದೆ ಮೊದಲೇ ನೊಂದಿದ್ದ. ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಒಪ್ಪಿಸಬೇಕೆಂಬ ಅಪ್ಪಣೆ ಆ ಹುಣ್ಣಿಗೆ ಉಪ್ಪಾಯಿತು. ಅತ್ತ ಹಮ್ಮಿಗೆಯಲ್ಲಿ ಕೂಡಿಸಿಟ್ಟಿದ್ದ ಆಯುಧಗಳು ಸರ್ಕಾರದವರಿಗೆ ಸಿಕ್ಕಿದ್ದರಿಂದ ಮುಂಡರಗಿಯ ಭೀಮರಾಯನು ಗೊತ್ತುಮಾಡಿದ ಕಾಲಕ್ಕೆ ಮುಂಚೆಯೇ ಎದ್ದು, ಡಂಬಳದ ಖಜಾನೆಯನ್ನು ಹಿಡಿದು, ಕೊಪ್ಪಳದ ಕೋಟೆಯಲ್ಲಿ ಮಡಿದ. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ನರಗುಂದದವರು ಕೊಂದರು. ಜೂನ್ ತಿಂಗಳ ಮೊದಲ ಎರಡು ದಿನಗಳಲ್ಲಿ ಕೋಟೆ ಬಿದ್ದಿತು. ೧೨ನೆಯ ತಾರೀಖು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಶಿವಾಜಿಯ ಕಾಲದಿಂದ ನಿಂತಿದ್ದ ಕೋಟೆಯ ಕಥೆ ಎರಡು ವಾರಗಳಲ್ಲಿ ಮುಗಿದುಹೋಯಿತು.

ಈ ಸಂಗ್ರಾಮಗಳ ವರ್ಣನೆ ಅನೇಕ ಕಡೆ ಇದೆ. ನಾವು ಅದನ್ನು ವಿಸ್ತರಿಸುವುದಿಲ್ಲ. ಕುಲುಮೆಯ ಮಟ್ಟಿಗೆ ಆದದ್ದೇನೆಂಬುದನ್ನು ಮಾತ್ರ ನೋಡೋಣ. ಸಂಸ್ಥಾನವಿದ್ದಾಗ ಕತ್ತಿ, ಭಲ್ಲೆ, ಕಠಾರಿಗಳಿಗೆ ಗಿರಾಕಿಗಳಿದ್ದರು. ಸಂಸ್ಥಾನವೂ ಹೋಯಿತು, ಗಿರಾಕಿಗಳೂ ಹೋದರು, ಮಾಡುವುದು ಅಪರಾಧವೂ ಆಯಿತು. ತಂದೆಯಿಂದ ಮಗನಿಗೆ ಬಂದಿದ್ದ ಉದ್ದವಾದ ಅಲಗಿನ ವಿದ್ಯೆ ಎರಡು ತಲೆಮಾರು ಕೆಲಸವಿಲ್ಲದೆ ಕುಳಿತರೆ ಉಳಿಯುವುದೇ? ಹದ ಹಾಕುವ ಕಣ್ಣು ಮಾತ್ರ ಎಲ್ಲಿಯಾದರೂ ಆಶ್ರಯ ಪಡ�ೆಯಬೇಕಷ್ಟೆ. ಅದು ಕುಡುಗೋಲಿನಲ್ಲಿ, ಅಡಕೊತ್ತಿನಲ್ಲಿ, ಮಡಚುವ ಚೂರಿಯಲ್ಲಿ ಆಶ್ರಯ ಪಡೆಯಿತೆಂದು ನಮ್ಮ ಅಭಿಪ್ರಾಯ. ಗಜೇಂದ್ರಗಡದ ಆ ಹಿರಿಯರು ನೀಲಿ ಬೆನ್ನಿಗೂ ಹುಲ್ಲುಬಣ್ಣದ ಬಾಯಿಗೂ ತೋರಿಸಿದ ಎಚ್ಚರವು ಒಂದು ಸೌತೆಕಾಯಿಯನ್ನು ಹೆಚ್ಚುವುದಕ್ಕೆ ಬೇಕಾದುದಕ್ಕಿಂತ ಬಹಳ ದೊಡ್ಡದು.

ಇದೇ ಕಾಲದಲ್ಲಿ ಕೊಡಗಿನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೮೬೧ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿಗೊಳಿಸಿದ. ಆದುದರಿಂದಲೇ ಕೊಡವರ ಪೀಚೆಕತ್ತಿಯು ಮದುವೆಯ ದಿನ ಬೆಳ್ಳಿಯ ಒರೆಯಲ್ಲಿ ಸೊಂಟಕ್ಕೆ ಬರುತ್ತದೆ, ಒಡಿಕತ್ತಿಯು ಬೆನ್ನಿಗೆ ಬರುತ್ತದೆ. ಆ ವಿನಾಯಿತಿಯನ್ನು ೨೦೧೯ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಯಿತು. ಕೊಡವರಿಗೆ ದೊರೆತದ್ದರ ಮೇಲೆ ನಮಗೆ ಹೊಟ್ಟೆಯುರಿಯಿಲ್ಲ. ಆದರೆ ಒಂದೇ ನಾಡಿನಲ್ಲಿ ಒಂದು ಕಡೆಯ ಚೂರಿ ಒಡವೆಯಾಗಿ ಬೆಳೆದು, ಇನ್ನೊಂದು ಕಡೆಯ ಚೂರಿ ಸಂಚಿಯಲ್ಲಿ ಅಡಗಿಕೊಂಡಿತೆಂದರೆ, ಅದಕ್ಕೆ ಕಂಬಾರರ ಕೈ ಕಾರಣವಲ್ಲ, ಯಾರು ಯಾವ ವರ್ಷದಲ್ಲಿ ಯಾರ ಪಕ್ಷದಲ್ಲಿದ್ದರೆಂಬ ಸರ್ಕಾರದ ಲೆಕ್ಕ ಕಾರಣ.

೧೮೭೮ರ ಆಯುಧ ಕಾಯಿದೆಯು ಹಳೆಯದನ್ನು ಬಿಗಿಮಾಡಿತು. ಸ್ವತಂತ್ರ ಭಾರತವು ೧೯೫೯ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿ, ೧೯೬೨ರ ನಿಯಮಾವಳಿಯಲ್ಲಿ ಕಂಬಾರನಿಗೂ ತಿಳಿಯುವಂತಹ ಒಂದು ಗೆರೆಯನ್ನು ಎಳೆಯಿತು: ಒಂಬತ್ತಂಗುಲಕ್ಕಿಂತ ಉದ್ದವಾದ ಅಥವಾ ಎರಡಂಗುಲಕ್ಕಿಂತ ಅಗಲವಾದ ಅಲಗು ಆಯುಧ, ಮನೆಗೆಲಸಕ್ಕೆ, ಒಕ್ಕಲುತನಕ್ಕೆ, ಕೈಗಾರಿಕೆಗೆ ಮಾಡಿದ್ದಾದರೆ ಅಲ್ಲ. ಹಲಗಲಿಯವರು ಕೇಳಿದ್ದೂ ಹೆಚ್ಚು ಕಡಮೆ ಇದನ್ನೇ. ಅಂಗುಲದ ಈ ವಿಚಾರವನ್ನು ಕುಲುಮೆಯ ಹಿರಿಯರಿಗೆ ಹೇಳಿದಾಗ ಅವರು ಕಿವಿಯ ಮೇಲಿದ್ದ ಜೋಳದ ದಂಟನ್ನು ತೆಗೆದು ತೋರಿಸಿ, "ನಮ್ಮ ಕಾಯ್ದೆ ಇಷ್ಟ ಐತ್ರಿ" ಎಂದು ನಕ್ಕರು.

ಈಗ ಆ ಸೀಮೆಯ ಬಾಳು ಬಹಳ ಬದಲಾಗಿದೆ. ೧೯೭೦ರ ದಶಕದಲ್ಲಿ ಮಲಪ್ರಭೆಯ ಕಾಲುವೆಯ ನೀರು ನರಗುಂದದ ಎರೆಗೆ ಹರಿದು ಬೆಳೆಗಳು ಬೇರೆಯಾದವು. ಟ್ರ್ಯಾಕ್ಟರು ಬಂದು ಕುಂಟೆಯ ಕುಡ ಮೂಲೆ ಸೇರಿತು. ಬಂಡಿಗೆ ರಬ್ಬರಿನ ಗಾಲಿ ಬಂದು ಹಳಿ ಕೂರಿಸುವ ಕೆಲಸ ನಿಂತಿತು. ೧೯೯೭ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು, ಅನಂತರ ಗಜೇಂದ್ರಗಡ ಬೇರೆ ತಾಲ್ಲೂಕಾಯಿತು. ಆಯದ ಜೋಳ ಎಂದೋ ನಿಂತುಹೋಯಿತು. ಕಂಬಾರರ ಮಕ್ಕಳು ಹೆಚ್ಚಾಗಿ ವೆಲ್ಡಿಂಗಿನ ಅಂಗಡಿ ಇಟ್ಟಿದ್ದಾರೆ, ಬಾಗಿಲು ಕಿಟಕಿಗಳನ್ನು ಮಾಡುತ್ತಾರೆ. ಅದರಲ್ಲಿ ವರಮಾನವೂ ಹೆಚ್ಚು, ಹೊಗೆಯೂ ಕಡಮೆ. ಅವರನ್ನು ತಪ್ಪೆನ್ನುವ ಅಧಿಕಾರ ಪಟ್ಟಣದಲ್ಲಿ ಕುಳಿತ ನಮಗಿಲ್ಲ. ಪೇಟೆಯ ಅಂಗಡಿಯಲ್ಲಿ ಕಾರ್ಖಾನೆಯ ಚಾಕು ಕೆಲವೇ ರೂಪಾಯಿಗಳಿಗೆ ದೊರೆಯುತ್ತದೆ, ತುಕ್ಕೂ ಹಿಡಿಯುವುದಿಲ್ಲ.

ಆದರೂ ಕುರಿಯವರು ಬರುತ್ತಾರೆ. ತುಕ್ಕು ಹಿಡಿಯದ ಚಾಕು ಕಲ್ಲಿಗೆ ಒಗ್ಗುವುದಿಲ್ಲವೆಂಬುದು ಅವರ ದೂರು. ಅಡವಿಯಲ್ಲಿ ಸಿಕ್ಕಿದ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತವಾಗುವ ಅಲಗು ಅವರಿಗೆ ಬೇಕು. ಅಂತಹ ಗಿರಾಕಿ ಬಂದಾಗ ಮಗನು ವೆಲ್ಡಿಂಗಿನ ಕನ್ನಡಕವನ್ನು ಹಣೆಯ ಮೇಲೇರಿಸಿ, ಗಾಳಿಯ ಚಕ್ರದ ಹಿಡಿಯನ್ನು ತಿರುಗಿಸಲು ಕುಳಿತುಕೊಳ್ಳುತ್ತಾನೆ. ತಂದೆಯು ದಂಟಿನ ತುಂಡನ್ನು ಹುಡುಕುತ್ತಾರೆ. ನಾವು ಅಲ್ಲಿದ್ದ ದಿನ ನಮ್ಮ ಚೂರಿಯ ಹಿಂದೆ ಇನ್ನೂ ಎರಡು ದಂಟುಗಳು ಮಾಡಿನ ಎಳೆಗೆ ಸಿಕ್ಕಿಸಿದ್ದವು, ಒಂದೊಂದರ ಮೇಲೂ ಉಗುರಿನ ಗುರುತಿತ್ತು.